ಮಿದುಳಿನ ಪರೀಕ್ಷೆಗೆ ಕಾಪಿ ಹೊಡೆದವರು

ಮಿದುಳಿನ ಪರೀಕ್ಷೆಯಲ್ಲಿ ಕಾಪಿ ಹೊಡೆಯಬಹುದು ಎಂದು ಮೊದಲು ಹೊಳೆದದ್ದು ತಗಡಣ್ಣನಿಗೆ. ಅಗ್ನಿಶಾಮಕ ಠಾಣೆಯ ಮೊದಲ ತಂಡಕ್ಕೆ ಅವನೇ ಮುಖ್ಯಸ್ಥ. ಯಾರು ಯಾವ ಬಾಗಿಲಿನಿಂದ ನುಗ್ಗಬೇಕು, ನೀರು ಎಲ್ಲಿಗೆ ಬೀಳಬೇಕು, ಯಾರು ಬಾಯಿ ಮುಚ್ಚಿಕೊಂಡು ನಿಂತಿರಬೇಕು ಎಂದು ಬೆಂಕಿಯ ಮುಂದೆ ನಿಂತು ಹೇಳುವವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗೋದಾಮಿನ ಸೂರು ಮುರಿದು ಒಳಗೆ ಬಿದ್ದು, ಅದೇ ತಗಡನ್ನು ಕೊರಳಿಗೆ ಸಿಕ್ಕಿಸಿಕೊಂಡು ಮುಂಬಾಗಿಲಿನಿಂದ ರಾಜನ ಹಾಗೆ ನಡೆದು ಬಂದಿದ್ದ. ಅಂದಿನಿಂದ ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರಲಿಲ್ಲ.

ಗಾಡಿ ಓಡಿಸುವವನು ಅವನ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ಅವನನ್ನು ಎಲ್ಲರೂ ರಿವರ್ಸು ಎನ್ನುತ್ತಿದ್ದರು. ಒಮ್ಮೆ ಗೇರು ಸಿಕ್ಕಿಕೊಂಡಾಗ ಅಷ್ಟು ದೊಡ್ಡ ಗಾಡಿಯನ್ನು ಪೇಟೆಯ ನಡುವೆ ಹಿಂದುಹಿಂದಕ್ಕೇ ಓಡಿಸಿಕೊಂಡು ಠಾಣೆಗೆ ತಂದ ಪುಣ್ಯಾತ್ಮ. ದಾರಿಯಲ್ಲಿ ಒಂದು ನಾಯಿಗೂ ತಾಗಿಸಿರಲಿಲ್ಲ. ಆದರೆ ಲೋಕ ನೆನಪಿಟ್ಟುಕೊಳ್ಳುವುದು ನಾಯಿ ಬದುಕಿದ್ದನ್ನಲ್ಲ.

ಪರೀಕ್ಷೆ ಬಂದದ್ದು ದೊಡ್ಡಾಸ್ಪತ್ರೆಯ ನರರೋಗ ವಿಭಾಗದಿಂದ. ಬೆಂಕಿ ಆರಿಸುವವರು, ಕುಸಿದ ಕಟ್ಟಡಗಳಿಂದ ಜನರನ್ನು ಎಳೆದು ತೆಗೆಯುವವರು ವರ್ಷಗಟ್ಟಲೆ ಹೊಗೆ ದೂಳು ಕುಡಿದಿರುತ್ತಾರೆ. ಇವರಿಗೆ ಮರೆವಿನ ರೋಗ, ನಡುಕದ ರೋಗ ಉಳಿದವರಿಗಿಂತ ಹೆಚ್ಚಾಗಿ, ಬೇಗನೆ ಅಂಟಿಕೊಳ್ಳುತ್ತವೆಯೇ ಎಂದು ನೋಡಬೇಕಿತ್ತಂತೆ. ಬೆಳಗಿನ ಕವಾಯತಿನಲ್ಲಿ ಠಾಣಾಧಿಕಾರಿ ಇದನ್ನು ಹೇಳಿದಾಗ ಮೀಸೆ ಎಂಬ ಅಡ್ಡಹೆಸರಿನವನು ಹಿಂದಿನ ಸಾಲಿನಿಂದ, ಮಿದುಳು ಇದ್ದಿದ್ದರೆ ಈ ಕೆಲಸಕ್ಕೆ ಯಾಕೆ ಬರುತ್ತಿದ್ದೆವು ಎಂದು ಗೊಣಗಿದ. ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿಯೂ ನಗಲು ಹೋಗಿ, ತಾನು ಅಧಿಕಾರಿ ಎಂಬುದು ನೆನಪಾಗಿ ಕೆಮ್ಮಿದರು.

ಹೊಗೆ ಅವರಿಗೆ ಹೆದರುವ ವಸ್ತುವಾಗಿರಲಿಲ್ಲ. ತಗಡಣ್ಣನ ಕಾಲದಲ್ಲಿ ಮಾಸ್ಕುಗಳು ಬೀರುವಿನಲ್ಲಿದ್ದವು, ಬೀರುವಿನ ಬೀಗದ ಕೈ ಅಧಿಕಾರಿಯ ಮನೆಯಲ್ಲಿತ್ತು. ಒದ್ದೆ ಟವಲು ಮುಖಕ್ಕೆ ಸುತ್ತಿಕೊಂಡರೆ ಅದೇ ಮಾಸ್ಕು. ಟೈರು ಗೋದಾಮು ಹತ್ತಿಕೊಂಡು ವಾರವಿಡೀ ಉರಿದಾಗ ಅವರು ಅಲ್ಲೇ ಮಲಗಿ, ಅಲ್ಲೇ ಎದ್ದು, ಹೊಗೆಯ ಒಳಗೇ ಚಹಾ ಕುಡಿದಿದ್ದರು. ಕೆಲಸ ಮುಗಿದ ಮೇಲೆ ಕರವಸ್ತ್ರದಲ್ಲಿ ಸಿಂಬಳ ತೆಗೆದು ಯಾರದು ಹೆಚ್ಚು ಕಪ್ಪು ಎಂದು ಪಂದ್ಯ ಕಟ್ಟುವುದು ವಾಡಿಕೆ. ತಗಡಣ್ಣ ಆ ಪಂದ್ಯದಲ್ಲಿ ಸೋತದ್ದೇ ಇಲ್ಲ. ಈಗ ಪ್ರತಿಯೊಬ್ಬನಿಗೂ ಮಾಸ್ಕು ಬಂದಿತ್ತು. ಆದರೂ ಕಟ್ಟಡದ ಹೊರಗೆ, ಹೊಗೆಯಾಡುವ ಬೂದಿ ಕೆದಕುವಾಗ ಅದನ್ನು ಹಾಕಿಕೊಂಡವನನ್ನು ಮೂತಿ ಮುಚ್ಚಿದ ಹೆಗ್ಗಣ ಎಂದು ಹೀಯಾಳಿಸುತ್ತಿದ್ದರು. ಹೀಯಾಳಿಸುವವರಲ್ಲಿ ಮೊದಲಿಗ ಯಾರೆಂದು ಹೇಳಬೇಕಿಲ್ಲ.

ಹಾಗಿದ್ದವನು ಕಾಪಿ ಹೊಡೆಸಲು ಹೊರಟದ್ದು ಭಾವಮೈದನಿಗಾಗಿ. ಕೆಲವು ತಿಂಗಳ ಹಿಂದೆ ಒಂದು ಬೇಕರಿಗೆ ಬೆಂಕಿ ಬಿದ್ದಾಗ ಗಾಡಿ ತಪ್ಪು ಬೀದಿಗೆ ನುಗ್ಗಿ, ಮುಂದೆ ದಾರಿ ಕಾಣದೆ, ಸುತ್ತಿ ಬರುವಷ್ಟರಲ್ಲಿ ಅರ್ಧ ಬೇಕರಿ ಹೋಗಿತ್ತು. ಬೇಕರಿಯವನ ಮುದಿ ತಾಯಿಯನ್ನು ನೆರೆಯವರೇ ಹೊತ್ತು ಹೊರಗೆ ತಂದಿದ್ದರು. ಆಕೆ ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರೂ ಮೊದಲಿನ ಉಸಿರು ಬರಲಿಲ್ಲ. ವಿಚಾರಣೆಯಲ್ಲಿ ರಿವರ್ಸು ತಲೆ ತಗ್ಗಿಸಿ, ತಪ್ಪು ನನ್ನದೇ, ದಾರಿ ಮರೆತೆ ಎಂದಿದ್ದ. ಅದರ ಮೇಲೆ ಈಚೆಗೆ ಅವನು ಚಹಾದ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಮರೆವು ಮತ್ತು ನಡುಕ ಎರಡೂ ಒಬ್ಬನಲ್ಲೇ ಇವೆ ಎಂದರೆ ಡಾಕ್ಟರು ಅವನನ್ನು ಗಾಡಿಯಿಂದ ಇಳಿಸಿ ಗುಜರಿಗೆ ಹಾಕುತ್ತಾರೆ ಎಂದು ತಗಡಣ್ಣ ಲೆಕ್ಕ ಹಾಕಿದ. ಇಳಿಸಿದರೆ ಹೆಂಡತಿಗೆ ಏನು ಹೇಳುವುದು?

ಉಪಾಯ ಸುಲಭದ್ದು. ಮೊದಲ ದಿನ ಪರೀಕ್ಷೆಗೆ ಹೋದ ಮೀಸೆ ಒಳಗೆ ಕೇಳಿದ್ದನ್ನೆಲ್ಲ ಹೊರಗೆ ತಂದ. ಡಾಕ್ಟರು ಐದು ಪದ ಹೇಳುತ್ತಾರೆ, ಆಮೇಲೆ ಏನೇನೋ ಮಾತಾಡಿಸಿ, ಮತ್ತೆ ಆ ಐದು ಪದ ಕೇಳುತ್ತಾರೆ. ಕೊಡೆ, ನಿಂಬೆಹಣ್ಣು, ಏಣಿ, ಹಳದಿ, ಕುದುರೆ. ತಗಡಣ್ಣ ತಂಡವನ್ನು ಪೈಪು ಒಣಗಿಸುವ ಗೋಪುರದ ಕೆಳಗೆ ನಿಲ್ಲಿಸಿ, ಮಗ್ಗಿ ಹೇಳಿಸುವ ಮಾಸ್ತರನ ಹಾಗೆ ಬಾಯಿಪಾಠ ಮಾಡಿಸಿದ. ರಿವರ್ಸು ಮಾತ್ರ, ಇದೆಲ್ಲ ಬೇಡ ಭಾವ, ಆದದ್ದಾಗಲಿ ಎಂದ. ಬಾಯಿ ಮುಚ್ಚು, ನಿನ್ನ ಅಕ್ಕನ ಮುಖ ನೋಡಬೇಕಾದವನು ನಾನು ಎಂದು ಭಾವ ಗದರಿದ.

ಮನೆಯಲ್ಲಿಯೂ ಅದೇ ಜಪ. ಹೆಂಡತಿ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಮಿಷನ್ನಿನ ಸದ್ದಿನ ನಡುವೆ ಗಂಡ ಕುದುರೆ ಕುದುರೆ ಎನ್ನುತ್ತ ಓಡಾಡುವುದು ಕಂಡು, ಈ ವಯಸ್ಸಿನಲ್ಲಿ ಜೂಜಿಗೆ ಬಿದ್ದಿರಾ ಎಂದು ಕೇಳಿದಳು. ಅವನು ವಿಷಯ ಹೇಳಿದ, ತಮ್ಮನ ಕೈ ನಡುಗುವುದನ್ನೂ ಹೇಳಿದ. ಅವಳು ಕಾಲು ನಿಲ್ಲಿಸಿ ಗಂಡನನ್ನೇ ಸ್ವಲ್ಪ ಹೊತ್ತು ನೋಡಿದಳು. ಅಂದು ಬೆಳಿಗ್ಗೆ ಅವನು ಬ್ರೆಡ್ಡು ತರಲು ಹೋಗಿ ತಂದಿದ್ದ. ಸಂಜೆ ಕೆಲಸದಿಂದ ಬರುವಾಗಲೂ ತಂದಿದ್ದ. ಊಟಕ್ಕೆ ಮುಂಚೆ ಮತ್ತೆ ಚಪ್ಪಲಿ ಮೆಟ್ಟಿ ಬ್ರೆಡ್ಡು ತರುತ್ತೇನೆ ಎಂದು ಹೊರಟಿದ್ದ. ಅವಳು ಮತ್ತೆ ಮಿಷನ್ ತುಳಿದಳು.

ಪರೀಕ್ಷೆಯ ಫಲಿತಾಂಶ ಅದ್ಭುತವಾಗಿತ್ತು. ಆ ಠಾಣೆಯಷ್ಟು ಚುರುಕು ಮಿದುಳುಗಳು ವಿಶ್ವವಿದ್ಯಾಲಯಗಳಲ್ಲೂ ಇರಲಿಲ್ಲ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ನಂಬುವ ಸ್ವಭಾವದವಳು. ಬಹುಶಃ ನಂಬಿಯೇ ಬಿಡುತ್ತಿದ್ದಳು. ಕೆಡಿಸಿದವನು ತಂಡದಲ್ಲಿ ಕಂಬ ಎನ್ನಿಸಿಕೊಂಡವನು. ಆಳು ಎತ್ತರಕ್ಕೆ ಇದ್ದ, ಅಷ್ಟೇ ಗಾಬರಿಯವನು. ಒಳಗೆ ಹೋಗಿ ಕೂತವನನ್ನು ಡಾಕ್ಟರಮ್ಮ ಇವತ್ತು ಯಾವ ವಾರ ಎಂದು ಕೇಳಿದಳು. ಕಂಬ ಎದೆ ಸೆಟೆಸಿ, ಕೊಡೆ ಎಂದ. ಅವಳು ಇನ್ನೂ ಒಂದು ಪದವನ್ನೂ ಹೇಳಿರಲಿಲ್ಲ.

ಅವಳು ಬಹಳ ಹೊತ್ತು ನಕ್ಕಳಂತೆ. ನಕ್ಕು ಮುಗಿಸಿ ಪೆಟ್ಟಿಗೆ ಕಟ್ಟಿಕೊಂಡು ಹೋದಳು. ಮುಂದಿನ ವಾರ ಬೇರೆ ಪದಗಳೊಂದಿಗೆ ಬಂದು, ಅಧಿಕಾರಿಯ ಕೋಣೆಯಲ್ಲಿ ಕೂತು, ಎಲ್ಲರಿಗಿಂತ ಮೊದಲು ಈ ಪಾಠ ಹೇಳಿಕೊಟ್ಟ ಮೇಷ್ಟ್ರನ್ನೇ ಕಳಿಸಿ ಎಂದಳು.

ತಗಡಣ್ಣ ಮೀಸೆ ತಿರುವಿಕೊಂಡೇ ಹೋದ. ಅವನಿಗೆ ಮೀಸೆ ಇರಲಿಲ್ಲ. ಆದರೂ ಹೋದ ರೀತಿ ಹಾಗಿತ್ತು. ಡಾಕ್ಟರಮ್ಮ ಹೊಸ ಐದು ಪದ ಹೇಳಿ, ಅವನಿಂದ ಎರಡು ಸಲ ಹೇಳಿಸಿದಳು. ಕನ್ನಡಿ, ಮೋಡ, ಉಪ್ಪು, ಕೆಂಪು, ಆಮೆ. ಆಮೇಲೆ ಗಡಿಯಾರ ಬರೆಯಲು ಹೇಳಿದಳು. ಅವನು ದುಂಡಗೆ ಬರೆದ. ಅಂಕಿಗಳನ್ನು ತುಂಬುತ್ತ ಹೋದಂತೆ ಅವೆಲ್ಲ ಬಲಗಡೆಯೇ ಗುಂಪು ಸೇರಿ, ಎಡಗಡೆ ಖಾಲಿ ಬಿತ್ತು. ಅವನು ಅದನ್ನು ತಿರುಗಿಸಿ ನೋಡಿ, ಈ ಅರ್ಧಕ್ಕೆ ಇವತ್ತು ರಜೆ ಮೇಡಂ ಎಂದ. ಅವಳು ನಗಲಿಲ್ಲ.

"ಆಗ ಐದು ಪದ ಹೇಳಿದ್ನಲ್ಲ, ಈಗ ಹೇಳಿ ನೋಡೋಣ," ಎಂದಳು.

"ಕೊಡೆ, ನಿಂಬೆಹಣ್ಣು, ಏಣಿ, ಹಳದಿ, ಕುದುರೆ."

"ಅದು ಹೋದ ವಾರದ್ದು. ಇವತ್ತಿನದು?"

"ಹೋದ ವಾರದ್ದೇ ಇದೆ ಅಂದ್ಮೇಲೆ ಇವತ್ತಿನದು ಎಲ್ಲಿಗೆ ಹೋಗುತ್ತೆ. ಬರುತ್ತೆ, ಇರಿ."

ಬರಲಿಲ್ಲ. ಅಡುಗೆಗೆ ಹಾಕುವುದು ಒಂದಿತ್ತು ಎಂದು ಅವಳು ಸುಳಿವು ಕೊಟ್ಟಳು. ಅವನು ಒಲೆ ಎಂದ. ಆಕಾಶದಲ್ಲಿರುವುದು ಎಂದಳು. ಅವನು ಕಿಟಕಿಯ ಹೊರಗೆ ನೋಡಿದ. ಅಲ್ಲಿ ಅವರ ಗಾಡಿ ತೊಳೆಯುತ್ತಿದ್ದರು. ತಮಾಷೆ ಮಾಡಲು ಬಾಯಿ ತೆರೆದರೆ ತಮಾಷೆಯೂ ಸಿಗಲಿಲ್ಲ. ಅಂಗಿಯ ಕಂಕುಳು ನೆನೆದಿತ್ತು. ಸುಡುವ ಮನೆಯೊಳಗೆ ಬೆವರದ ಮನುಷ್ಯ ಫ್ಯಾನಿನ ಕೆಳಗೆ ಬೆವರಿದ್ದ.

"ನನ್ನನ್ನ ಬಿಡಿ ಮೇಡಂ," ಎಂದ ಕೊನೆಗೆ. "ನೋಡ್ಬೇಕಾಗಿರೋದು ನನ್ನ ಭಾಮೈದನ್ನ."

ಭಾವಮೈದನನ್ನೂ ನೋಡಿದರು. ಅವನು ಹೊಸ ಪದ ಐದನ್ನೂ ಹೇಳಿದ, ಹಿಂದುಮುಂದಾಗಿಯೂ ಹೇಳಿದ. ಹೆಸರಿಗೆ ತಕ್ಕಂತೆ ನಡೆದುಕೊಂಡ. ಗಡಿಯಾರ ಗೋಡೆಗೆ ನೇತು ಹಾಕುವ ಹಾಗಿತ್ತು. ಕೈ ನಡುಕಕ್ಕೆ ಕಾರಣ ಥೈರಾಯ್ಡ್ ಇರಬಹುದು ಎಂದು ಡಾಕ್ಟರಮ್ಮ ರಕ್ತ ತೆಗೆಸಿದಳು. ಅದೇ ಆಗಿತ್ತು, ಮಾತ್ರೆಗೆ ಬಗ್ಗುವ ಕಾಯಿಲೆ. ತಗಡಣ್ಣನಿಗೆ ಮಾತ್ರ ಆಸ್ಪತ್ರೆಗೆ ಬನ್ನಿ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದಳು.

ಆ ಮಧ್ಯಾಹ್ನ ತಗಡಣ್ಣ ನಿಂತಿದ್ದ ಗಾಡಿಯ ಮುಂದಿನ ಸೀಟಿನಲ್ಲಿ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ರಿವರ್ಸು ಆ ಕಡೆಯಿಂದ ಹತ್ತಿ ತನ್ನ ಜಾಗದಲ್ಲಿ ಕೂತ. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು.

"ದಾರಿ ಮರೆತವನು ನೀನು," ಎಂದ ತಗಡಣ್ಣ. "ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು ನಾನು. ಇದು ಯಾವ ನ್ಯಾಯ?"

ರಿವರ್ಸು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಹೇಳಿದ.

"ನಾನು ದಾರಿ ಮರೀಲಿಲ್ಲ ಭಾವ. ಆವತ್ತು ಸಿನಿಮಾ ಟಾಕೀಸ್ ಹತ್ರ ಎಡಕ್ಕೆ ತಗೋ ಅಂದ್ರಿ. ಆ ಟಾಕೀಸು ಕೆಡವಿ ಎಷ್ಟೋ ವರ್ಷ ಆಯ್ತು. ಆ ಬೀದೀಲಿ ಈಗ ದಾರೀನೇ ಇಲ್ಲ."

"ಗೊತ್ತಿದ್ದೂ ತಿರುಗಿಸಿದೆಯಾ?"

"ನೀವು ಹೇಳಿದ ಕಡೆ ತಿರುಗಿಸಿ ತಿರುಗಿಸಿ ಕೈಗೆ ಅಭ್ಯಾಸ ಆಗೋಗಿದೆ. ತಿರುಗಿಸಿದ ಮೇಲೆ ಗೊತ್ತಾಯ್ತು."

"ವಿಚಾರಣೇಲಿ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ?"

ತಗಡಣ್ಣನಿಗೆ ಮೊದಲು ಬಂದದ್ದು ಕೋಪ. ಬೇಕರಿಯ ಮುದುಕಿ ಸತ್ತಿದ್ದರೆ ಆ ಪಾಪವನ್ನೂ ಹೀಗೇ ಮಡಿಲಲ್ಲಿ ಕಟ್ಟಿಕೊಂಡು ಸುಮ್ಮನಿರುತ್ತಿದ್ದೆಯಾ ಎಂದು ಕೇಳಿದ. ಕತ್ತೆ ಎಂದ. ಅದಕ್ಕಿಂತ ದೊಡ್ಡ ಬೈಗುಳಗಳನ್ನೂ ಬಳಸಿದ. ಅವುಗಳಲ್ಲಿ ಕೆಲವು ಸುತ್ತುಬಳಸಿ ಅವನದೇ ಹೆಂಡತಿಯ ತವರಿಗೇ ತಾಗುವಂಥವು. ರಿವರ್ಸು ಎಲ್ಲವನ್ನೂ ಕೇಳಿಸಿಕೊಂಡ. ಬೈಗುಳ ಮುಗಿದ ಮೇಲೆ ಗಾಡಿಯೊಳಗೆ ಡೀಸೆಲ್ ವಾಸನೆ ಮಾತ್ರ ಉಳಿಯಿತು. ತಗಡಣ್ಣ ಇಳಿಯಲು ಹೋದವನು ಇಳಿಯಲಿಲ್ಲ. ಭಾವಮೈದನ ನಡುಗುವ ಕೈಯನ್ನು ಸ್ಟೇರಿಂಗಿನ ಮೇಲೆ ಅದುಮಿ ಹಿಡಿದುಕೊಂಡ. ಹಿಡಿದದ್ದು ಪ್ರೀತಿಗೋ ಹೊಡೆಯಬಾರದು ಎಂಬ ಎಚ್ಚರಕ್ಕೋ ಅವನಿಗೂ ತಿಳಿಯಲಿಲ್ಲ.

ಹೆಂಡತಿಗೆ ಹೇಳುವುದು ಬೆಂಕಿಗೆ ಹೋಗುವುದಕ್ಕಿಂತ ಕಷ್ಟ ಎಂದುಕೊಂಡು ಅವನು ಮನೆಯ ಮುಂದೆ ಎರಡು ಸಲ ಹಾದುಹೋದ. ಹೇಳಿದಾಗ ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಮದುವೆ ಆದಾಗಿಂದ ಮದುವೆ ದಿನ ಮರೀತಾ ಬಂದಿದೀರಿ," ಎಂದಳು. "ಆಗ ಯಾವ ಡಾಕ್ಟ್ರೂ ಬಂದು ರೋಗ ಅನ್ನಲಿಲ್ಲ."

ಅವನು ನಕ್ಕ. ಅವಳೂ ನಕ್ಕಳು. ನಗುತ್ತಲೇ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಚ್ಚಲಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಅವನು ಮಿಷನ್ನಿನ ಮುಂದೆ ನಿಂತು, ಅರ್ಧ ಹೊಲಿದ ಯಾರದೋ ತೋಳನ್ನು ಮಡಚಿದ, ಬಿಚ್ಚಿದ.

ಆಸ್ಪತ್ರೆಯಲ್ಲಿ ತಲೆಯನ್ನು ಸ್ಕ್ಯಾನ್ ಮಾಡಿದರು, ರಕ್ತ ನೋಡಿದರು, ಮತ್ತಷ್ಟು ಪ್ರಶ್ನೆ ಕೇಳಿದರು. ಮರೆವಿನ ರೋಗದ ಆರಂಭ ಎಂದು ಡಾಕ್ಟರಮ್ಮ ಅವನನ್ನೇ ನೋಡಿ ಹೇಳಿದಳು, ಹೆಂಡತಿಯ ಕಡೆ ತಿರುಗಿ ಹೇಳಲಿಲ್ಲ. ಅದಕ್ಕೆ ಅವನು ಆ ಡಾಕ್ಟರಮ್ಮನನ್ನು ಕೊನೆಯವರೆಗೂ ಗೌರವಿಸಿದ. ಮಾತ್ರೆಗಳು ರೋಗವನ್ನು ಓಡಿಸುವುದಿಲ್ಲ, ಆದರೆ ಕೆಲವರಿಗೆ ಸ್ವಲ್ಪ ಕಾಲ ದಿನಗಳು ಸಲೀಸಾಗಬಹುದು ಎಂದಳು. ಅವನು ಒಂದೇ ಪ್ರಶ್ನೆ ಕೇಳಿದ.

"ಯಾವ ಬೆಂಕಿ ಮೇಡಂ? ಟೈರಿನದಾ, ಬಣ್ಣದ ಕಾರ್ಖಾನೇದಾ? ಹೆಸರು ಹಿಡಿದು ಬೈಯೋಕೆ ಒಂದು ಬೇಕಲ್ಲ."

ಹಾಗೆ ಬೆರಳು ಮಾಡಿ ತೋರಿಸಲು ಆಗುವುದಿಲ್ಲ ಎಂದಳು ಅವಳು. ಹೊಗೆ ಮುಟ್ಟದವರಿಗೂ ಈ ರೋಗ ಬರುತ್ತದೆ, ಜೀವಮಾನವಿಡೀ ಹೊಗೆ ಕುಡಿದು ಸೊಗಸಾಗಿ ಮುದುಕರಾದವರೂ ಇದ್ದಾರೆ. ಆದರೆ ಈ ಕೆಲಸದವರಲ್ಲಿ ಅಪಾಯ ಹೆಚ್ಚಿರುವಂತೆ ಕಾಣುತ್ತದೆ. ಹೊಗೆ, ಸಣ್ಣ ಮಸಿ, ನಿದ್ದೆಗೆಟ್ಟ ಪಾಳಿ, ತಲೆಗೆ ಬಿದ್ದ ಪೆಟ್ಟು, ಎಲ್ಲವೂ ಸೇರಿರಬಹುದು. ಯಾವುದು ಎಷ್ಟು ಎಂದು ತಿಳಿಯಲೆಂದೇ ಪರೀಕ್ಷೆ ಮಾಡುತ್ತಿದ್ದೇವೆ, ಅದಕ್ಕೂ ನೀವು ಕಾಪಿ ಹೊಡೆದಿರಿ ಎಂದಳು. ತಗಡಣ್ಣ ಶಾಲೆಯಲ್ಲೂ ಇಷ್ಟು ನಾಚಿಕೊಂಡಿರಲಿಲ್ಲ.

ಮರುದಿನ ಅವನು ಅಧಿಕಾರಿಯ ಕೋಣೆಗೆ ಹೋಗಿ ಎರಡು ವಿಷಯ ಹೇಳಿದ. ಬೇಕರಿಯ ದಾರಿ ತಪ್ಪಿಸಿದ್ದು ತಾನು, ಭಾವಮೈದನ ಹೆಸರಿನ ಮೇಲಿನ ಕಲೆ ಅಳಿಸಬೇಕು. ತಾನು ಇನ್ನು ಗಾಡಿ ಹತ್ತುವುದಿಲ್ಲ. ಅಧಿಕಾರಿ ಎದ್ದು ನಿಂತು ಕೈ ಕುಲುಕಿದರು. ಆಮೇಲೆ ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ, ತನ್ನ ಪರೀಕ್ಷೆಯೂ ನಾಳೆ ಇದೆ, ಆ ಐದು ಪದ ಯಾವುವಪ್ಪ ಎಂದು ಕೇಳಿದರು. ತಗಡಣ್ಣ ಬಹಳ ವಿಧೇಯನಾಗಿ, ಕೊಡೆ, ನಿಂಬೆಹಣ್ಣು ಎಂದು ಹಳೆಯ ಪಾಠವನ್ನೇ ಒಪ್ಪಿಸಿದ. ಮರುದಿನ ಕೋಣೆಯಿಂದ ಹೊರಬರುವ ಅಧಿಕಾರಿಯ ಮುಖ ನೋಡಲು ಇಡೀ ಠಾಣೆ ಜಗಲಿಯಲ್ಲಿ ಸೇರಿತ್ತು.

ತಂಡದವರಿಗೆ ಅವನು ತಾನೇ ಹೇಳಿದ. ಪೈಪಿನ ಗೋಪುರದ ಕೆಳಗೆ ನಿಂತು, ನನ್ನ ತಲೆಯೊಳಗೆ ಗೆದ್ದಲು ಹಿಡಿದಿದೆ, ನಿಮ್ಮ ತಲೆಯೊಳಗೂ ಇರಬಹುದು, ಇನ್ನು ಕಾಪಿ ಇಲ್ಲ ಎಂದ. ಇನ್ನೊಂದು ಮಾತು ಸೇರಿಸಿದ. ಮಾಸ್ಕು ಹಾಕಿದವನನ್ನು ಹೆಗ್ಗಣ ಎಂದವನು ನಾನು. ಹೆಗ್ಗಣ ಎಂದರೆ ಎಷ್ಟು ದಿನ ಬೇಕಾದರೂ ಬಿಲದಲ್ಲಿ ಬದುಕುವ ಬುದ್ಧಿವಂತ ಪ್ರಾಣಿ, ಎಲ್ಲರೂ ಹೆಗ್ಗಣಗಳಾಗಿ ಎಂದ. ಯಾರೂ ನಗಲಿಲ್ಲ. ಅದು ಅವನಿಗೆ ಇಷ್ಟವಾಗಲಿಲ್ಲ. ಕಂಬ ಅಳುವುದಕ್ಕೆ ಶುರು ಮಾಡಿದಾಗ, ಇವನ ಕಣ್ಣೀರು ನೆಲ ಮುಟ್ಟಲು ಇನ್ನೂ ಹೊತ್ತು ಬೇಕು, ಅಷ್ಟರಲ್ಲಿ ಚಹಾ ಕುಡಿಯೋಣ ಎಂದ. ಆಗ ನಕ್ಕರು. ಮರುಪರೀಕ್ಷೆಯಲ್ಲಿ ಮೀಸೆಯ ಮೂಗಿಗೆ ವಾಸನೆ ತಿಳಿಯುವುದಿಲ್ಲ, ನಡೆಯುವಾಗ ಒಂದು ಕೈ ಬೀಸುವುದಿಲ್ಲ ಎಂದು ಗೊತ್ತಾಯಿತು. ಇವು ನಡುಕದ ರೋಗದ ಮುನ್ಸೂಚನೆಯೂ ಇರಬಹುದು ಎಂದು ಅವನನ್ನು ಆಗಾಗ ಬಂದು ತೋರಿಸಿಕೊಳ್ಳಲು ಹೇಳಿದರು. ಉಳಿದವರದು ಸದ್ಯಕ್ಕೆ ಸರಿ ಇತ್ತು. ಸದ್ಯಕ್ಕೆ ಎಂಬ ಮಾತು ಅಲ್ಲಿ ಯಾರಿಗೂ ಹಿಡಿಸಲಿಲ್ಲ.

ಇಷ್ಟಾಗುವಾಗ ತಗಡಣ್ಣನ ಹೆಂಡತಿಗೆ ಬೇರೆ ಒಂದು ಯೋಚನೆ ಹತ್ತಿತ್ತು. ಮಸಿ ಮೆತ್ತಿದ ಅವನ ಸಮವಸ್ತ್ರವನ್ನು ಇಷ್ಟು ವರ್ಷ ಒಗೆದವಳು ಅವಳು. ಬಚ್ಚಲ ಬಾಗಿಲು ಹಾಕಿಕೊಂಡು, ಕೊಡವಿ, ಬಡಿದು, ತಿಕ್ಕಿ ಒಗೆದಿದ್ದಳು. ಕೊಡವಿದಾಗ ಎದ್ದ ಮಸಿ ಎಲ್ಲಿಗೆ ಹೋಯಿತು? ಅವಳು ಠಾಣೆಗೆ ಹೋಗಿ ಅಧಿಕಾರಿಯ ಮೇಜಿನ ಮೇಲೆ ಮಸಿ ಹಿಡಿದ ಅಂಗಿಯೊಂದನ್ನು ಹರಡಿ, ಇದನ್ನು ನಿಮ್ಮ ಮನೆಯವರ ಕೈಯಲ್ಲಿ ಒಗೆಸಿ ನೋಡಿ ಎಂದಳು. ಹಿಂದಿನ ವಾರವಷ್ಟೇ ಮರ್ಯಾದೆ ಕಳೆದುಕೊಂಡಿದ್ದ ಅಧಿಕಾರಿ ಬೇಗನೆ ಒಪ್ಪಿದರು. ಬಟ್ಟೆ ಒಗೆಯುವ ದೊಡ್ಡ ಮಿಷನ್ ಠಾಣೆಗೆ ಬಂತು, ಮಸಿಯ ಬಟ್ಟೆ ಮನೆಗೆ ಹೋಗಕೂಡದು ಎಂದಾಯಿತು. ಆಮೇಲೆ ಅವಳು ಡಾಕ್ಟರಮ್ಮನ ಬಳಿ, ನನ್ನನ್ನೂ ಪರೀಕ್ಷೆ ಮಾಡಿ ಎಂದಳು. ಹೆಂಡತಿಯರು ತಮ್ಮ ಪಟ್ಟಿಯಲ್ಲಿಲ್ಲ ಎಂದಳು ಡಾಕ್ಟರಮ್ಮ. ಮಸಿಗೆ ಆ ಪಟ್ಟಿ ಯಾರಾದರೂ ತೋರಿಸಿದ್ದರೇ ಎಂದು ಇವಳು ಕೇಳಿದಳು. ಡಾಕ್ಟರಮ್ಮ ಸ್ವಲ್ಪ ಯೋಚಿಸಿ, ಬನ್ನಿ ಎಂದಳು.

ಅವಳು ಒಳಗೆ ಹೋದ ಬೆಳಿಗ್ಗೆ ತಗಡಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಕೈಚೀಲ ಅಪ್ಪಿಕೊಂಡು ಕೂತಿದ್ದ. ತನ್ನ ಸ್ಕ್ಯಾನಿನ ದಿನ ನರ್ಸುಗಳನ್ನೆಲ್ಲ ನಗಿಸಿದವನಿಗೆ ಇಂದು ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಕಿವಿ ಕೊಟ್ಟ. ನರ್ಸು ಕೂರಿಸಿದಳು. ಮತ್ತೆ ಎದ್ದ. ತನಗೇನಾದರೂ ಆಗಲಿ, ನೋಡಿಕೊಳ್ಳಲು ಅವಳಿದ್ದಾಳೆ ಎಂಬ ಧೈರ್ಯದ ಮೇಲೆ ಅವನ ತಮಾಷೆಗಳೆಲ್ಲ ನಿಂತಿದ್ದವು ಎಂದು ಅವನಿಗೆ ಅಲ್ಲೇ, ಆ ಬೆಂಚಿನ ಮೇಲೆ ಅರ್ಥವಾಯಿತು. ಇಬ್ಬರೂ ಮರೆತರೆ ಬ್ರೆಡ್ಡು ತರುವವರು ಯಾರು, ಸಾಕು ಎನ್ನುವವರು ಯಾರು?

ಅವಳು ಹೊರಗೆ ಬಂದಳು. ಮುಖದಲ್ಲಿ ಏನೂ ತಿಳಿಯಲಿಲ್ಲ. ಗಿರಾಕಿಗೆ ಅಳತೆ ಸಣ್ಣದಾಯಿತು ಎಂದು ಹೇಳುವಾಗಲೂ ಅವಳ ಮುಖ ಹಾಗೇ ಇರುತ್ತಿತ್ತು.

"ಏನಂದ್ರು?"

"ಎಲ್ಲಾ ಸರಿ ಇದೆಯಂತೆ. ಗಡಿಯಾರ ಚೆನ್ನಾಗಿ ಬರೆದ್ರಿ ಅಂದ್ರು."

ಅವನು ಕೈಚೀಲ ಕೊಡಲು ಹೋಗಿ ಕೊಡಲಿಲ್ಲ. ಅದರೊಳಕ್ಕೇ ಮುಖ ತಗ್ಗಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತ. ಅವಳು ಪಕ್ಕದಲ್ಲಿ ಕೂತು, ಎದುರಿನ ಗೋಡೆಯಲ್ಲಿ ಹಲ್ಲುಜ್ಜುವ ವಿಧಾನದ ಚಿತ್ರವನ್ನು ಬಹಳ ಆಸಕ್ತಿಯಿಂದ ಓದಿದಳು.

"ಮನೇಲಿ ಒಬ್ಬರಾದ್ರೂ ಪಾಸಾದ್ರಲ್ಲ, ಅಷ್ಟೇ ಸಾಕು," ಎಂದ ಅವನು, ಮುಖ ಒರೆಸಿಕೊಂಡು.

"ಎದ್ದೇಳಿ. ಮಧ್ಯಾಹ್ನ ಒಬ್ಬರಿಗೆ ಕೋಟು ಕೊಡ್ಬೇಕು."

ಬಸ್ಸು ಖಾಲಿ ಇತ್ತು. ಹತ್ತಿದ ಕೂಡಲೇ ಅವನು ಕಿಟಕಿಯ ಪಕ್ಕ ಹೋಗಿ ಕೂತ. ರೋಗಿಗೆ ಗಾಳಿ ಬೇಕು ಎಂದ. ಪಾಸಾದವರಿಗೆ ಏನೂ ಇಲ್ಲವೇ ಎಂದು ಅವಳು ಜಗಳ ತೆಗೆದಳು. ಮುಂದಿನ ನಿಲ್ದಾಣ ಬರುವವರೆಗೂ ಅದು ಮುಗಿಯಲಿಲ್ಲ. ಆಮೇಲೆ ಅವನು ಎದ್ದು ಜಾಗ ಬಿಟ್ಟುಕೊಟ್ಟ. ಅವಳು ಕಿಟಕಿಗೆ ತಲೆ ಆನಿಸಿ, ಬಸ್ಸು ಮನೆಯ ಕಡೆಗೆ ತಿರುಗುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಅವನು ಅವಳ ಚೀಲವನ್ನೂ ಅವಳ ಭುಜವನ್ನೂ ಹಿಡಿದುಕೊಂಡು, ಇಳಿಯುವ ಜಾಗ ತಪ್ಪದಿರಲಿ ಎಂದು ಹೊರಗಿನ ಅಂಗಡಿಗಳ ಹೆಸರನ್ನು ಒಂದೊಂದಾಗಿ, ಗಟ್ಟಿಯಾಗಿ ಓದುತ್ತ ಕೂತ.